ರೊಟ್ಟಿಯ ನಾಡಿನಲ್ಲಿ ಅನ್ನ

ಪ್ರಾಚೀನ ದೇವಾಲಯಗಳ ಊರಾದ ಶಿರವಾಳವೂ ಅದರ ಸುತ್ತಣ ಶಹಾಪುರ, ಸುರಪುರ ಸೀಮೆಯೂ ಪರಂಪರೆಯಿಂದ ಜೋಳದ ನಾಡು. ಹಿಂಗಾರಿಯ ಬಿಳಿಜೋಳವು ಎರೆಮಣ್ಣು ಹಿಡಿದಿಟ್ಟ ತೇವದಲ್ಲಿಯೇ ಬೆಳೆದು ಮನುಷ್ಯರಿಗೆ ಕಾಳನ್ನೂ ದನಕರುಗಳಿಗೆ ಕಣಿಕೆಯನ್ನೂ ಕೊಡುತ್ತದೆ. ಜೋಳದ ಹಿಟ್ಟಿಗೆ ಗೋದಿಯ ಜಿಗಿಯಿಲ್ಲ. ಆದುದರಿಂದಲೇ ಕುದಿಯುವ ಎಸರು ಹಾಕಿ ನಾದಿ, ಅಂಗೈಯಿಂದ ಬಡಿದು ರೊಟ್ಟಿ ಮಾಡುವ ವಿದ್ಯೆ ತಾಯಿಯಿಂದ ಮಗಳಿಗೆ ಇಳಿದು ಬಂದಿತು. ಪುಂಡಿಪಲ್ಲೆ, ಶೇಂಗಾ ಹಿಂಡಿಗಳು ಅದರ ಸಂಗಾತಿಗಳು. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿದ ಬಳಿಕವೇ ಸಜ್ಜೆರೊಟ್ಟಿ, ಭಜ್ಜಿಪಲ್ಲೆಗಳ ಊಟ. ಮೊದಲ ತುತ್ತು ಭೂಮಿತಾಯಿಯದು.

ಅನ್ನವಾದರೋ ಇಲ್ಲಿ ಹಬ್ಬದ, ಬೀಗರ, ಉಳ್ಳವರ ಊಟವಾಗಿದ್ದಿತು. ಕಾಲ ತಿರುಗಿತು. 1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಸಿದ್ಧವಾಯಿತು. ಮುಂದೆ ಶಹಾಪುರ ಶಾಖಾ ಕಾಲುವೆಯಲ್ಲಿ ಕೃಷ್ಣೆ ಹರಿದಳು. ಯೋಜನೆಯು ಅರೆನೀರಾವರಿ ಬೆಳೆಗಳಿಗಾಗಿ ರೂಪುಗೊಂಡಿದ್ದರೂ ಕಾಲುವೆಯ ಮೇಲ್ಭಾಗದ ರೈತರು ಭತ್ತವನ್ನೇ ನೆಚ್ಚಿದರು. ಅವರನ್ನು ದೂಷಿಸುವುದು ಸುಲಭ. ನೀರು ಕಂಡ ಒಕ್ಕಲಿಗನು ನಗದು ತರುವ ಬೆಳೆಯನ್ನು ಬಿಟ್ಟಾನೆಯೇ? 2013ರ ಅನ್ನಭಾಗ್ಯ ಯೋಜನೆಯು ಅಕ್ಕಿಯನ್ನು ಬಡವರ ಮನೆಗೇ ಮುಟ್ಟಿಸಿತು. ಒಲೆಯ ಮೇಲೆ ಏನಾದರೂ ಬೇಯುವಂತಾದುದು ಸಣ್ಣ ಮಾತಲ್ಲ. ಆದರೆ ಧಾನ್ಯಗಳ ಅಂತಸ್ತು ತಲೆಕೆಳಗಾಯಿತು. ಹೊಲವಿಲ್ಲದ ಕೂಲಿಕಾರನಿಗೆ ಅಕ್ಕಿ ಅಗ್ಗ, ಜೋಳ ತುಟ್ಟಿ. ಬಡವರದೆಂದು ಒಮ್ಮೆ ಹೀಗಳೆಯಲ್ಪಟ್ಟ ರೊಟ್ಟಿಗೆ ನಗರದ ಖಾನಾವಳಿಗಳಲ್ಲಿ ಮನ್ನಣೆ ದೊರೆಯಿತು. ವಿಶ್ವಸಂಸ್ಥೆಯು 2023ನ್ನು ಜೋಳವೂ ಸೇರಿದಂತೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ರೊಟ್ಟಿ ಬಡಿಯುವ ಕೈಗಳು ಮಾತ್ರ ಮನೆಗಳಲ್ಲಿ ಕಡಿಮೆಯಾಗುತ್ತಿವೆ.

ಏನನ್ನು ಉಣ್ಣಬೇಕೆಂಬುದಕ್ಕಿಂತ ಯಾರೊಡನೆ ಉಣ್ಣಬೇಕೆಂಬ ಪ್ರಶ್ನೆ ಕಠಿಣವಾದುದು. ಜಾತಿಯು ಬಾವಿಗೂ ಪಂಕ್ತಿಗೂ ಬೇಲಿ ಹಾಕಿದ್ದ ಸಮಾಜದಲ್ಲಿ ಹನ್ನೆರಡನೆಯ ಶತಮಾನದ ಶರಣರು ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸುವ ದಾರಿಯನ್ನು ತೋರಿದರು. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರು ಮಹಾದಾಸೋಹಿಗಳೆಂದೇ ಜನಮನದಲ್ಲಿ ಉಳಿದರು. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಮೊದಲುಗೊಂಡ ಶಾಲಾ ಬಿಸಿಯೂಟಕ್ಕೆ ಸರ್ಕಾರವು ‘ಅಕ್ಷರ ದಾಸೋಹ’ವೆಂಬ ಹೆಸರನ್ನೇ ಆರಿಸಿಕೊಂಡಿತು. ಹೆಸರು ಬಂದಷ್ಟು ಸುಲಭವಾಗಿ ಆಚಾರ ಬರಲಿಲ್ಲ. ಅಡುಗೆ ಮಾಡುವವರ ಜಾತಿಯನ್ನು ಕೇಳಿ ಮಕ್ಕಳನ್ನು ಊಟದಿಂದ ಎಬ್ಬಿಸಿದ ಸುದ್ದಿಗಳು ನಾಡಿನ ಶಾಲೆಗಳಿಂದ ಬಂದುದುಂಟು. ದಾಸೋಹದ ಪರಂಪರೆಯನ್ನು ಹೇಳಿಕೊಳ್ಳುವವರು ಇದನ್ನು ಪರರ ಮಾತೆಂದು ತಳ್ಳಿಹಾಕುವಂತಿಲ್ಲ.

ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳ ಭಕ್ತರು ಜೋಳದ ರೊಟ್ಟಿಗಳನ್ನು ಬಡಿದು, ಒಣಗಿಸಿ, ಬಂಡಿಗಳಲ್ಲಿ ಹೇರಿ ತರುತ್ತಾರೆ. ಮಹಾದಾಸೋಹದ ಮನೆಯಲ್ಲಿ ಅವೆಲ್ಲವೂ ಒಂದೇ ರಾಶಿಯಾಗುತ್ತವೆ. ಯಾವ ರೊಟ್ಟಿ ಯಾವ ಕೇರಿಯ ಒಲೆಯದೆಂದು ಆ ಬಳಿಕ ಯಾರೂ ಗುರುತಿಸಲಾರರು.