ಕಳೆ ಸತ್ತಿತು, ಸಾರಿಗೆ ಸೊಪ್ಪಿಲ್ಲ

ಕೆ.ಆರ್. ಪುರ ದಾಟಿ ಹೊಸಕೋಟೆ ಕಡೆಗೆ ಹೊರಟರೆ ನಮ್ಮೂರು ಸಿಗುತ್ತದೆ. ಎರಡೆಕರೆ ಖುಷ್ಕಿ, ಮಳೆ ನಂಬಿದ ರಾಗಿ. ಒಂದು ವರ್ಷ ಕಳೆ ಕೀಳಲು ಆಳೇ ಸಿಗಲಿಲ್ಲ. ಹೆಂಗಸರೆಲ್ಲ ಬೆಳಗ್ಗೆಯೇ ಇಂದಿರಾನಗರದ ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ ಬಸ್ ಹತ್ತಿಬಿಡುತ್ತಿದ್ದರು. "ರಾಗಿಗೇನೂ ಆಗಲ್ಲ" ಅಂತ ಅಂಗಡಿಯಲ್ಲಿ ಹೇಳಿದರು. 2,4-ಡಿ ಕಳೆನಾಶಕ ತಂದು ಹೊಡೆದೆ. ಸ್ವಲ್ಪ ದಿನದಲ್ಲೇ ಹೊಲ ಚೊಕ್ಕಟ! ಹೆಮ್ಮೆಯಿಂದ ಅಮ್ಮನನ್ನು ಕರೆದು ತೋರಿಸಿದೆ.

ಅಮ್ಮ ಬದುವಿನ ಮೇಲೆ ನಿಂತು ನೋಡಿದಳು. "ರಾಗಿ ಉಳೀತು, ಸರಿ. ಮುದ್ದೆಗೆ ಸಾರು ಯಾತರಲ್ಲಿ ಮಾಡ್ಲಿ ಮಗ?" ಅಂದಳು.

ಅಂಗಡಿಯವರು ಹೇಳಿದ್ದು ಸುಳ್ಳೇನಲ್ಲ. ಈ ಔಷಧಿ ಅಗಲ ಎಲೆಯ ಗಿಡಗಳೊಳಗೆ ಸೇರಿ ಬೆಳವಣಿಗೆಯ ಹದ ಕೆಡಿಸುತ್ತದೆ. ಗಿಡ ಅಡ್ಡಾದಿಡ್ಡಿ ಬೆಳೆದು ಸುರುಟಿ ಸಾಯುತ್ತದೆ. ರಾಗಿ ಹುಲ್ಲಿನ ಜಾತಿ, ಅದು ತಡೆದುಕೊಳ್ಳುತ್ತದೆ. ಆದರೆ ಅಗಲ ಎಲೆಯವು ಯಾವುವು ನೋಡಿ: ಅಣ್ಣೆಸೊಪ್ಪು, ಕೀರೆ, ಮುಳ್ಳುಕೀರೆ, ಗೋಣಿಸೊಪ್ಪು, ಗಣಿಕೆ. ಮನೆಯ ಮಸ್ಸೊಪ್ಪು, ಬಸ್ಸಾರಿಗೆ ಬರುವ ಬೆರಕೆಸೊಪ್ಪೇ ಅದು! ಅಲ್ಲಿಗೂ ಮುಗಿಯಲಿಲ್ಲ. ಅಕ್ಕಡಿ ಸಾಲಿನ ಅವರೆ, ತೊಗರಿ, ಅಲಸಂದೆ, ಸಾಸಿವೆ, ಹುಚ್ಚೆಳ್ಳು ಎಲ್ಲವೂ ಅಗಲ ಎಲೆಯವೇ. ಈ ಔಷಧಿ ಹೊಡೆಯುವವನು ಅಕ್ಕಡಿಯ ಆಸೆ ಬಿಡಬೇಕು. ಮುಂದಿನ ವರ್ಷ ಅವರೆ ಬೀಜಕ್ಕೆ ಅಕ್ಕನ ಮನೆಗೆ ಹೋಗಬೇಕಾಯಿತು.

ನಮ್ಮಲ್ಲಿ ರಾಗಿ ಮಾರಿದ ದುಡ್ಡು ನನ್ನ ಜೇಬಿಗೆ, ಅಕ್ಕಡಿ ಕಾಳು ಅಮ್ಮನ ಮಡಕೆಗೆ. ಬೀಜ ಆರಿಸಿ, ಬೂದಿ ಬೆರೆಸಿ ಎತ್ತಿಡುವುದೂ ಅವಳೇ. ಕಳೆಗೆ ಬರುತ್ತಿದ್ದ ಹೆಂಗಸರು ಕೂಲಿಯ ಜೊತೆ ಮಡಿಲ ತುಂಬ ಸೊಪ್ಪು, ಹಸುವಿಗೊಂದು ಹೊರೆ ಮೇವು ಒಯ್ಯುತ್ತಿದ್ದರು. ಅದೆಲ್ಲ ಒಂದೇ ಡಬ್ಬಿಯಲ್ಲಿ ಹೋಯಿತು. ನನ್ನ ಲೆಕ್ಕದ ಪುಸ್ತಕದಲ್ಲಿ ಮಾತ್ರ 'ಆಳಿನ ಖರ್ಚು ಉಳಿತಾಯ' ಎಂದಷ್ಟೇ ಬರೆದಿದ್ದೆ.

ಓದಿದವರು ಇದಕ್ಕೆ 'ಪರಿಸರ ಸ್ತ್ರೀವಾದ' ಅಂತಾರೆ. ಫ್ರಾನ್ಸಿನ ಲೇಖಕಿ ಫ್ರಾನ್ಸ್ವಾಸ್ ದೊಬೋನ್ 1974ರಲ್ಲಿ ಈ ಹೆಸರಿಟ್ಟರು. ಅದೇ ವರ್ಷ ಹಿಮಾಲಯದ ರೇಣಿಯಲ್ಲಿ ಗೌರಾದೇವಿ ಮತ್ತು ಊರಿನ ಹೆಂಗಸರು ಮರ ಕಡಿಯಲು ಬಂದವರನ್ನು ತಡೆದರು. ಪ್ರಕೃತಿಯನ್ನೂ ಹೆಣ್ಣನ್ನೂ ಒಂದೇ ಬಗೆಯ ದುರಾಸೆ ತುಳಿಯುತ್ತದೆ ಎಂದು ವಂದನಾ ಶಿವ 1988ರ ಪುಸ್ತಕದಲ್ಲಿ ವಾದಿಸಿದರು. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ 1992ರಲ್ಲಿ ಇದಕ್ಕೆ ತಿದ್ದುಪಡಿ ಹೇಳಿದರು: ಈ ನಂಟು ಹುಟ್ಟಿನಿಂದ ಬಂದದ್ದಲ್ಲ, ಯಾವ ಕೆಲಸ ಯಾರ ಪಾಲಿಗೆ, ಜಮೀನು ಯಾರ ಕೈಯಲ್ಲಿ ಅನ್ನುವುದರಿಂದ ಬಂದದ್ದು. ನನಗೆ ಇವರ ಮಾತೇ ಸರಿ ಕಾಣುತ್ತದೆ. ಅಮ್ಮನಿಗೆ ಸೊಪ್ಪಿನ ಗುರುತು ಇರುವುದು ಹೆಣ್ಣೆಂದಲ್ಲ, ದಿನಾ ಸಾರು ಮಾಡುವ ಹೊಣೆ ಅವಳ ತಲೆ ಮೇಲಿರುವುದರಿಂದ. ಹೊಣೆ ನನ್ನದಾಗಿದ್ದರೆ ಔಷಧಿ ಹೊಡೆಯುವ ಮುಂಚೆ ನಾನೂ ಎರಡು ಸಲ ಯೋಚಿಸುತ್ತಿದ್ದೆ!

ಹೊಲದಲ್ಲಿ ಇಲ್ಲದಿದ್ದರೆ ಕೆರೆಯಂಚಿನ ಹೊನಗೊನೆ ಇದೆಯಲ್ಲ ಅನ್ನಬಹುದು. ಅಮ್ಮನ ತವರು ವರ್ತೂರು ಕಡೆ. ಅವಳು ಕೆರೆಯಂಚಿನಲ್ಲಿ ಸೊಪ್ಪು ಕಿತ್ತು ಬೆಳೆದವಳು. ಈಗ ಅಲ್ಲಿನ ಹೊನಗೊನೆ ಮುಟ್ಟುವುದಿಲ್ಲ. ಹಲಸೂರು, ಕಂಟೋನ್ಮೆಂಟ್ ಕಡೆಯ ಕೊಳಚೆಯೂ ಇಳಿಯುವುದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರಿಗೆ. ಬೆಳ್ಳಂದೂರು ಕೆರೆಯ ನೀರುಂಡ ಮಣ್ಣಿನಲ್ಲೂ ತರಕಾರಿಯಲ್ಲೂ ಭಾರಲೋಹ ಸಿಕ್ಕಿದ್ದನ್ನು 2006ರಲ್ಲೇ ಒಂದು ಅಧ್ಯಯನ ಪ್ರಕಟಿಸಿತ್ತು. 2015ರಲ್ಲಿ, ಮತ್ತೆ 2017ರಲ್ಲಿ ಆ ಕೆರೆಗೇ ಬೆಂಕಿ ಬಿತ್ತು. ನಲ್ಲಿ ತಿರುಗಿಸಿ ನೀರು ಚೆಲ್ಲಿದವರು ಒಂದು ಕಡೆ, ಸಾರಿನ ಸೊಪ್ಪು ಕಳೆದುಕೊಂಡವರು ಇನ್ನೊಂದು ಕಡೆ.

ಇನ್ನು ಪಹಣಿ. ನಮ್ಮದರಲ್ಲಿ ಅಮ್ಮನ ಹೆಸರಿಲ್ಲ, ಬೀಜ ಕೊಟ್ಟ ಅಕ್ಕನದೂ ಇಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, 2005ರಲ್ಲಿ ಇಡೀ ದೇಶಕ್ಕೇ ಬಂತು. ನಮ್ಮ ಕಡೆ ಅಕ್ಕತಂಗಿಯರ ನೆನಪಾಗುವುದು ಹೊಲವನ್ನು ಸೈಟು ಮಾಡಿ ಮಾರುವಾಗ, ಸಹಿಗೆ ಮಾತ್ರ. ನಾನೂ ಇನ್ನೂ ಅಕ್ಕನ ಹತ್ತಿರ ಆ ಮಾತೆತ್ತಿಲ್ಲ.

ಈಗ ಕೂರಿಗೆಯಲ್ಲಿ ಸಾಲು ಬಿತ್ತನೆ, ಎಂಟು-ಹತ್ತು ಸಾಲಿಗೊಂದು ಅಕ್ಕಡಿ. ಕುಂಟೆ ಹೊಡೆಯುವ ಹಿಂದಿನ ದಿನ ಅಮ್ಮನಿಗೂ ಅಕ್ಕಪಕ್ಕದ ಹೆಂಗಸರಿಗೂ ಹೇಳುತ್ತೇನೆ. ಎಳೆ ಸೊಪ್ಪನ್ನೆಲ್ಲ ಕಿತ್ತುಕೊಳ್ಳುತ್ತಾರೆ. ಮಿಕ್ಕಿದ್ದು ಕೆ.ಆರ್. ಪುರ ಸಂತೆಗೂ ಹೋಗುವುದುಂಟು. ಸಾಲಿನೊಳಗಿನ ಕಳೆಗೆ ಕೈಯೇ ಗತಿ. ಖರ್ಚು ಔಷಧಿಗಿಂತ ಜಾಸ್ತಿಯೇ, ಸುಳ್ಳು ಹೇಳಲಾರೆ. ಅಣ್ಣೆಸೊಪ್ಪನ್ನು ಮಾತ್ರ ಹೂ ಬರುವ ಮುಂಚೆ ಕೀಳಲೇಬೇಕು, ಬೀಜ ಉದುರಿದರೆ ಮರುವರ್ಷ ರಾಗಿಯನ್ನೇ ನುಂಗುತ್ತದೆ. ಇದೂ ಅಮ್ಮನೇ ಹೇಳಿಕೊಟ್ಟದ್ದು. ಬದುವಿನ ಮೇಲೆ ನಾಲ್ಕು ಗಿಡ ಬೀಜಕ್ಕೆಂದು ಅವಳೇ ಬಿಟ್ಟುಕೊಳ್ಳುತ್ತಾಳೆ.