ಫ್ಯಾನ್ ತಿರುಗುವ ಮನೆಯಲ್ಲಿ ಹೆಡ್‌ಫೋನ್

ಚೆನ್ನೈಯಲ್ಲಿ ಮನೆ ಮಾಡಿದವರಿಗೆ ಸೀಲಿಂಗ್ ಫ್ಯಾನ್ ನಿಲ್ಲಿಸಿ ಹಾಡು ಕೇಳುವ ಯೋಗ ಸಿಗುವುದು ವರ್ಷದಲ್ಲಿ ಕೆಲವೇ ವಾರ, ಅದೂ ಡಿಸೆಂಬರ್ ಕಛೇರಿಗಳ ಆಸುಪಾಸಿನಲ್ಲಿ. ಉಳಿದ ದಿನಗಳಲ್ಲಿ ತಲೆಯ ಮೇಲೆ ಫ್ಯಾನು, ಗೋಡೆಯಲ್ಲಿ ಎ.ಸಿ., ಕಿಟಕಿಯಾಚೆ ಹಾರ್ನು. ಹೆಡ್‌ಫೋನ್ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಮನೆಗೆ ಓಪನ್ ಬ್ಯಾಕ್, ಪ್ರಯಾಣಕ್ಕೆ ಕ್ಲೋಸ್ಡ್ ಬ್ಯಾಕ್ ಎಂದು ಹೇಳಿ ಮುಗಿಸುತ್ತಾರೆ. ಕಿಟಕಿ ಮುಚ್ಚಿ ಕೂರುವ ತಣ್ಣನೆಯ ಊರುಗಳಲ್ಲಿ ಆ ಮಾತು ನಡೆಯುತ್ತದೆ. ಟಿ. ನಗರದಲ್ಲೋ ಮೈಲಾಪುರದಲ್ಲೋ ಬಾಡಿಗೆ ಮನೆಯಲ್ಲಿರುವ ಕನ್ನಡಿಗರಿಗೆ ನಾನು ಹೇಳುವುದು ಬೇರೆ: ಮೊದಲ ಒಳ್ಳೆಯ ಹೆಡ್‌ಫೋನ್ ಕೊಳ್ಳುತ್ತಿದ್ದೀರಾದರೆ, ಮನೆಗೂ ಕ್ಲೋಸ್ಡ್ ಬ್ಯಾಕನ್ನೇ ನೋಡಿ.

ಹೊಸಬರಿಗಾಗಿ ಮೊದಲಿನಿಂದ ಶುರು ಮಾಡೋಣ. ಹೆಡ್‌ಫೋನಿನ ಒಳಗೆ ತೆಳುವಾದ ಒಂದು ಪೊರೆ ಹಿಂದಕ್ಕೂ ಮುಂದಕ್ಕೂ ಅಲುಗುತ್ತದೆ. ಅದು ಕಿವಿಯ ಕಡೆಗೆ ಎಷ್ಟು ಸದ್ದು ತಳ್ಳುತ್ತದೋ ಹಿಂಬದಿಗೂ ಅಷ್ಟೇ ತಳ್ಳುತ್ತದೆ. ಓಪನ್ ಬ್ಯಾಕ್‌ನಲ್ಲಿ ಹಿಂಬದಿಗೆ ಜಾಲರಿ ಇರುತ್ತದೆ. ಆ ಸದ್ದು ಹೊರಗೆ ಹೋಗಿಬಿಡುತ್ತದೆ, ಹೊರಗಿನದೂ ಅಷ್ಟೇ ಸಲೀಸಾಗಿ ಒಳಗೆ ಬರುತ್ತದೆ. ಕ್ಲೋಸ್ಡ್ ಬ್ಯಾಕ್‌ನಲ್ಲಿ ಹಿಂಬದಿಗೆ ಗಟ್ಟಿ ಬಟ್ಟಲು. ಫ್ಯಾನಿನ ಸುಯ್ಯೆನ್ನುವ ಗಾಳಿಸದ್ದು, ಪಕ್ಕದ ಮನೆಯ ಟಿ.ವಿ. ಅದರಾಚೆ ಬಹುಪಾಲು ಉಳಿಯುತ್ತವೆ. ಆದರೆ ಹಿಂಬದಿಯ ಸದ್ದಿಗೂ ಹೊರಹೋಗಲು ದಾರಿಯಿಲ್ಲ. ಅದು ಬಟ್ಟಲಿನ ಗೋಡೆಗೆ ಬಡಿದು ಮರಳಿ ಪೊರೆಗೆ ತಾಗಿ, ಹಾಡಿನ ಮೇಲೆ ಕಲಸಿಕೊಳ್ಳುತ್ತದೆ. ಅಗ್ಗದ ಹೆಡ್‌ಫೋನಿನಲ್ಲಿ ಹಾಡು ಬಿಂದಿಗೆಯೊಳಗಿಂದ ಬಂದಂತೆ ಕೇಳುವುದು ಇದರಿಂದಲೇ.

ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನಿಗೂ ಚೆನ್ನೈಗೂ ಹಳೆಯ ನಂಟು. ಕನ್ನಡ ಚಿತ್ರರಂಗ ದಶಕಗಳ ಕಾಲ ಹಾಡುಗಳನ್ನು ಧ್ವನಿಮುದ್ರಿಸಿಕೊಂಡದ್ದು ಕೋಡಂಬಾಕ್ಕಂ, ವಡಪಳನಿ, ಸಾಲಿಗ್ರಾಮಂ ಕಡೆಯ ಸ್ಟುಡಿಯೋಗಳಲ್ಲಿ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ ಇವರ ಎಷ್ಟೋ ಹಾಡುಗಳು ಹುಟ್ಟಿದ್ದು ಮದರಾಸಿನಲ್ಲಿ. ವಾದ್ಯಗಳನ್ನು ಬೇರೆ, ಗಾಯನವನ್ನು ಬೇರೆ ಟ್ರ್ಯಾಕಿನಲ್ಲಿ ಮುದ್ರಿಸುವ ಪದ್ಧತಿ ಬಂದ ಮೇಲೆ ಗಾಯಕರು ಹೆಡ್‌ಫೋನಿನಲ್ಲಿ ವಾದ್ಯದ ಟ್ರ್ಯಾಕ್ ಕೇಳಿಕೊಂಡು ಒಂಟಿಯಾಗಿ ಹಾಡತೊಡಗಿದರು. ಆ ಟ್ರ್ಯಾಕ್ ಹೆಡ್‌ಫೋನಿನಿಂದ ಸೋರಿ ಮೈಕಿಗೆ ಬಿದ್ದರೆ ಟೇಕ್ ಹಾಳು. ಆದ್ದರಿಂದಲೇ ಹಾಡುವ ಕೋಣೆಗಳಲ್ಲಿ ಕ್ಲೋಸ್ಡ್ ಬ್ಯಾಕ್ ಖಾಯಂ ಆಯಿತು. ಸೋನಿಯ ಎಂಡಿಆರ್-7506, ಬೇಯರ್‌ಡೈನಾಮಿಕ್‌ನ ಡಿಟಿ 770 ಪ್ರೊ, ಆಡಿಯೋ-ಟೆಕ್ನಿಕಾದ ಎಟಿಎಚ್-ಎಂ50ಎಕ್ಸ್ ಜಗತ್ತಿನ ಸ್ಟುಡಿಯೋಗಳಲ್ಲೆಲ್ಲ ಕಾಣಸಿಗುವ ಮಾದರಿಗಳು. ಹೊಸಬರು ಕಿವಿ ಪಳಗಿಸಿಕೊಳ್ಳುವುದಕ್ಕೆ ಇವು ಧಾರಾಳವಾಗಿ ಸಾಕು. ಲಕ್ಷ ರೂಪಾಯಿಯ ಮಾತು ಆಮೇಲೆ.

ಆ ಲಕ್ಷದ ಸಾಲಿನಲ್ಲಿ ಸಿಗುವುದೇನು? ಮುಖ್ಯವಾಗಿ, ಬಟ್ಟಲಿನೊಳಗೆ ಸಿಕ್ಕಿಬಿದ್ದ ಆ ಹಿಂಬದಿ ಸದ್ದಿಗೂ ಬೇಡದ ಕಂಪನಗಳಿಗೂ ಒಬ್ಬೊಬ್ಬ ತಯಾರಕ ಕಂಡುಕೊಂಡ ಪರಿಹಾರ. ಸೆನ್‌ಹೈಸರ್ 2018ರಲ್ಲಿ ತಂದ ಎಚ್‌ಡಿ 820ರ ಹಿಂಬದಿಗೆ ಒಳಕ್ಕೆ ಬಾಗಿದ ಗಾಜಿದೆ. ಆ ಬಾಗು ಸದ್ದನ್ನು ಪಕ್ಕದ ಹೀರುಕೋಣೆಗಳಿಗೆ ತಿರುಗಿಸಿ ಕಳಿಸುತ್ತದೆ. ಫ್ರಾನ್ಸಿನ ಫೋಕಲ್ 2019ರಲ್ಲಿ ತಂದ ಸ್ಟೆಲಿಯಾದಲ್ಲಿ ಬೆರಿಲಿಯಂ ಲೋಹದ 40 ಮಿ.ಮೀ. ಪೊರೆ. ತೀರ ಹಗುರ, ತೀರ ಗಡುಸು. ಅಮೆರಿಕದ ಡ್ಯಾನ್ ಕ್ಲಾರ್ಕ್ ಆಡಿಯೋ 2021ರ ಸ್ಟೆಲ್ತ್‌ನಲ್ಲಿ ಪೊರೆಗೂ ಕಿವಿಗೂ ನಡುವೆ ಸಣ್ಣ ಸಣ್ಣ ಕೊಳವೆಗಳಿರುವ ಒಂದು ಬಿಲ್ಲೆಯನ್ನಿಟ್ಟು, ಬೇಡದ ಕಂಪನಗಳನ್ನು ಅಲ್ಲೇ ಕರಗಿಸುತ್ತದೆ. ಸೋನಿಯ ಎಂಡಿಆರ್-ಝಡ್1ಆರ್ ಮಾತ್ರ ಬೇರೆ ದಾರಿ ಹಿಡಿಯಿತು. ಕಾಗದದ ತಿರುಳಿನ ಪದರದ ಮೂಲಕ ಅದು ಸ್ವಲ್ಪ ಗಾಳಿಯಾಡಲು ಬಿಡುತ್ತದೆ. ಅದರ ದನಿಯ ಹರವು ನನಗೆ ಬಲು ಇಷ್ಟ, ಆದರೆ ಹೆಸರಿಗೆ ಕ್ಲೋಸ್ಡ್ ಆದರೂ ಅದು ಹೊರಗಿನ ಸದ್ದನ್ನು ತಡೆಯುವುದು ಕಡಿಮೆ. ಫ್ಯಾನಿನ ಕೆಳಗೆ ಕೂರುವವರು ಇದನ್ನು ತಿಳಿದುಕೊಂಡು ಕೊಳ್ಳಬೇಕು.

ತೂಕವನ್ನೂ ನೋಡಿ. ಎಚ್‌ಡಿ 820 ಸುಮಾರು 360 ಗ್ರಾಂ, ಸ್ಟೆಲಿಯಾ 435. ಆಡೀಜ಼್‌ನ ಎಲ್‌ಸಿಡಿ-ಎಕ್ಸ್‌ಸಿ ಅರ್ಧ ಕಿಲೋ ದಾಟುತ್ತದೆ. ಒಂದೂವರೆ ಗಂಟೆಯ ರಾಗಂ-ತಾನಂ-ಪಲ್ಲವಿ ಮುಗಿಯುವಷ್ಟರಲ್ಲಿ ಕುತ್ತಿಗೆಯೇ ಆ ವ್ಯತ್ಯಾಸ ಹೇಳುತ್ತದೆ. ರೊಮೇನಿಯಾದ ಮೆಜ಼ೆ 99 ಕ್ಲಾಸಿಕ್ಸ್ ಮರದ ಬಟ್ಟಲಿನದು, 260 ಗ್ರಾಂ ಮಾತ್ರ. ಬೆಲೆಯಲ್ಲೂ ಅದು ಈ ಸಾಲಿಗಿಂತ ಬಹಳ ಕೆಳಗಿದೆ.

ಇಲ್ಲಿಂದ ಮುಂದೆ ಹೇಳುವುದನ್ನು ದಯವಿಟ್ಟು ನಿಧಾನವಾಗಿ ಓದಿ. ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನಿನ ಪ್ರಾಣ ಇರುವುದು ಅದರ ಪ್ಯಾಡಿನಲ್ಲಿ. ಪ್ಯಾಡು ಕಿವಿಯ ಸುತ್ತ ಸಂದಿಲ್ಲದೆ ಕೂತರೆ ಮಾತ್ರ ತಗ್ಗಿನ ಸ್ವರಗಳು ನಿಲ್ಲುತ್ತವೆ. ಒಂದು ಸಣ್ಣ ಬಿರುಕು ಸಾಕು, ಬೇಸ್ ಅಲ್ಲಿಂದ ಸೋರಿಹೋಗುತ್ತದೆ, ಫ್ಯಾನಿನ ಸದ್ದು ಅಲ್ಲಿಂದಲೇ ನುಗ್ಗುತ್ತದೆ. ಬಿರುಕು ಬರುವುದು ಎಲ್ಲಿಂದ? ಕನ್ನಡಕದ ಕಡ್ಡಿಯಿಂದ. ಜುಮುಕಿಯಿಂದ. ಕಿವಿಯ ಹಿಂದೆ ದಪ್ಪವಾಗಿ ಸೇರಿದ ಕೂದಲಿನಿಂದ. ದವಡೆಯ ಕೆಳಗಿನ ತಗ್ಗಿನಿಂದ. ಲಕ್ಷ ಕೊಟ್ಟು ತಂದ ಹೆಡ್‌ಫೋನನ್ನು ದಪ್ಪ ಚೌಕಟ್ಟಿನ ಕನ್ನಡಕದ ಮೇಲೆ ಕೂರಿಸಿದರೆ, ನೀವು ಕೊಟ್ಟ ಹಣದ ಬಹುಭಾಗ ಆ ಸಂದಿಯಲ್ಲೇ ಹೋಯಿತು.

ಪರೀಕ್ಷೆಗೆ ನಮ್ಮ ಸಂಗೀತದಲ್ಲೇ ಬೇಕಾದಷ್ಟಿದೆ, ವಿದೇಶಿ ಪರೀಕ್ಷಾ ಧ್ವನಿಗಳನ್ನು ಹುಡುಕಬೇಕಾಗಿಲ್ಲ. ‘ಸಿ’ ಶ್ರುತಿಯಲ್ಲಿ ಹಾಡುವ ಗಾಯಕನ ಮಧ್ಯ ಷಡ್ಜ ಸುಮಾರು 131 ಹರ್ಟ್ಜ್, ತಂಬೂರಿಯ ಮಂದ್ರ ತಂತಿ ಅದರ ಅರ್ಧ, ಸುಮಾರು 65 ಹರ್ಟ್ಜ್. ಕಛೇರಿಯ ಒಳ್ಳೆಯ ಮುದ್ರಣವೊಂದನ್ನು ಹಾಕಿ ಆ ಮಂದ್ರ ತಂತಿ ಮೀಟುವ ಗಳಿಗೆಗೆ ಕಿವಿಗೊಡಿ. ಬಳಿಕ ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ತಂಬೂರಿ ಥಟ್ಟನೆ ತುಂಬಿಕೊಂಡರೆ ನಿಮ್ಮ ತಲೆಗೆ ಆ ಪ್ಯಾಡು ಸರಿಯಾಗಿ ಕೂತಿಲ್ಲ ಎಂದರ್ಥ. ಮೃದಂಗದ ಎಡಬದಿಯ, ಅಂದರೆ ತೊಪ್ಪಿಯ, ಗುಮುಕಿ ಇನ್ನೊಂದು ಪರೀಕ್ಷೆ. ಆ ನಾದ ಎದ್ದು, ಬಾಗಿ, ನಿಲ್ಲುವುದು ಮೂರೂ ಬಿಡಿಬಿಡಿಯಾಗಿ ಕೇಳಬೇಕು. ನಿಂತ ಮೇಲೂ ಬಟ್ಟಲು ಗುಯ್ಗುಡುತ್ತಿದ್ದರೆ, ಹಿಂಬದಿಯ ಸದ್ದನ್ನು ಆ ಹೆಡ್‌ಫೋನ್ ನಿಭಾಯಿಸಿಲ್ಲ.

ಡಬ್ಬಿಯ ಮೇಲೆ ಓಮ್ ಎಂದು ಬರೆದಿರುವುದನ್ನು ಕಂಡು ಹೊಸಬರು ಹೆದರುತ್ತಾರೆ. ಅದು ವಿದ್ಯುತ್ತಿಗೆ ಹೆಡ್‌ಫೋನ್ ಒಡ್ಡುವ ಅಡ್ಡಿಯ ಅಳತೆ. ಓಮ್ ಹೆಚ್ಚಿದ್ದರೆ ಅದೇ ಗಟ್ಟಿ ದನಿಗೆ ಹೆಚ್ಚು ವೋಲ್ಟೇಜ್ ಬೇಕಾಗಬಹುದು, ಅಷ್ಟೇ. ಫೋನಿಗೆ ಸಿಕ್ಕಿಸುವ ಸಾದಾ ಡಾಂಗಲ್ ಸುಮಾರು 1 ವೋಲ್ಟ್ ಕೊಡುತ್ತದೆ. 35 ಓಮಿನ ಸ್ಟೆಲಿಯಾಕ್ಕೆ ಅದು ಬೇಕಾದ್ದಕ್ಕಿಂತ ಜಾಸ್ತಿ. 300 ಓಮಿನ ಎಚ್‌ಡಿ 820ಕ್ಕೂ ಸಾಮಾನ್ಯ ಹಾಡುಗಳಿಗೆ ಸಾಲುತ್ತದೆ, ತಗ್ಗಿದ ದನಿಯಲ್ಲಿ ಮುದ್ರಿಸಿದ ಹಳೆಯ ಕಛೇರಿಗಳಿಗೆ ಮಾತ್ರ ಪುಟ್ಟ ಆಂಪ್ಲಿಫೈಯರ್ ಒಂದಿದ್ದರೆ ಒಳ್ಳೆಯದು.

ಇನ್ನು ಕೇಬಲ್. ಹೊಸಬರ ಹಣ ಅನ್ಯಾಯವಾಗಿ ಹೋಗುವುದು ಇಲ್ಲೇ, ಆದ್ದರಿಂದ ಲೆಕ್ಕ ಮಾಡಿಯೇ ತೋರಿಸುತ್ತೇನೆ. ಒಂದೂವರೆ ಮೀಟರಿನ ಸಾಮಾನ್ಯ ತಾಮ್ರದ ಕೇಬಲ್ ತೆಗೆದುಕೊಳ್ಳಿ. ವಿದ್ಯುತ್ತು ಹೋಗಿ ಬರಬೇಕು, ಒಟ್ಟು 3 ಮೀಟರ್. 26 ಗೇಜಿನ ತೆಳು ತಂತಿಯಾದರೂ ಅಷ್ಟು ಉದ್ದಕ್ಕೆ ಅಡ್ಡಿ ಸುಮಾರು 0.4 ಓಮ್. 32 ಓಮಿನ ಹೆಡ್‌ಫೋನಿನಲ್ಲಿ ಇದರಿಂದ ಕಡಿಮೆಯಾಗುವ ದನಿ ಡೆಸಿಬೆಲ್‌ನ ಹತ್ತನೆಯ ಒಂದು ಭಾಗ. 300 ಓಮಿನದರಲ್ಲಿ ಅದರ ಇನ್ನೂ ಹತ್ತನೆಯ ಒಂದು ಭಾಗ. ಬೆಳ್ಳಿ ತಾಮ್ರಕ್ಕಿಂತ ಚೆನ್ನಾಗಿ ವಿದ್ಯುತ್ತು ಹರಿಸುತ್ತದೆ ಎನ್ನುವುದು ನಿಜವೇ, ಆದರೆ ಹೆಚ್ಚುವರಿ ಬರೀ ಶೇ. 6ರಷ್ಟು. 0.4 ಓಮಿನಲ್ಲಿ ಶೇ. 6 ಎಷ್ಟೆಂದು ನೀವೇ ಗುಣಿಸಿ ನೋಡಿ. ಹೆಡ್‌ಫೋನಿಗೆ ಬೆಳ್ಳಿಯ ಕೇಬಲ್ ಹಾಕಿದರೆ ದನಿ ಹೊಳೆಯುತ್ತದೆ ಎನ್ನುವ ಮಾತಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಎರಡು ಕೇಬಲ್‌ಗಳನ್ನು ಒಂದರ ಹಿಂದೆ ಒಂದು ಕೇಳಿ ಹೋಲಿಸುವವರು, ದನಿಯ ಮಟ್ಟ ಎರಡರಲ್ಲೂ ಸರಿಸಮ ಇದೆಯೇ ಎಂದು ಅಳೆದು ನೋಡಬೇಕು. ಕೂದಲೆಳೆಯಷ್ಟು ಜೋರಾಗಿದ್ದದ್ದೇ ಕಿವಿಗೆ ಚೆಂದ ಕೇಳುತ್ತದೆ.

ಹಾಗಾದರೆ ಕೇಬಲಿನಲ್ಲಿ ನೋಡಬೇಕಾದ್ದೇ ಇಲ್ಲವೇ? ಖಂಡಿತ ಇದೆ. ಉದ್ದ ನೋಡಿ: ಮನೆಯಲ್ಲಿ ಮೇಜಿನಿಂದ ಈಜಿಚೇರಿಗೆ 3 ಮೀಟರ್ ಹಿತ, ರೈಲಿನಲ್ಲಿ ಅದೇ ಉದ್ದ ಪಕ್ಕದವರ ಕಾಲಿಗೆ ಸುತ್ತಿಕೊಳ್ಳುತ್ತದೆ, ಅಲ್ಲಿಗೆ 1.2 ಮೀಟರ್ ಬೇಕು. ಮೇಲುಹೊದಿಕೆ ನೋಡಿ: ಗಡುಸು ಬಟ್ಟೆಯ ಹೆಣಿಗೆ ಶರ್ಟಿಗೆ ಉಜ್ಜಿದರೆ ಆ ಕರಕರ ಸೀದಾ ಕಿವಿಗೆ ಬರುತ್ತದೆ, ಮೆದು ರಬ್ಬರಿನದು ಸುಮ್ಮನಿರುತ್ತದೆ. ತುದಿ ನೋಡಿ: ಫೋನಿನ ಡಾಂಗಲಿಗೆ 3.5 ಮಿ.ಮೀ., ಮನೆಯ ಆಂಪ್ಲಿಫೈಯರಿಗೆ ಟೆಲಿಫೋನ್ ಎಕ್ಸ್‌ಚೇಂಜಿನ ಕಾಲದಿಂದ ಬಂದ 6.35 ಮಿ.ಮೀ., ಹೊಸ ಬ್ಯಾಲನ್ಸ್ಡ್ ಸಾಧನಗಳಿಗೆ 4.4 ಮಿ.ಮೀ. ಬ್ಯಾಲನ್ಸ್ಡ್ ತುದಿಯಲ್ಲಿ ದನಿ ಜೋರಾಗುವುದು ಆಂಪ್ಲಿಫೈಯರಿನೊಳಗೆ ಎರಡು ಪಟ್ಟು ಸರ್ಕ್ಯೂಟ್ ಕೆಲಸ ಮಾಡುವುದರಿಂದ, ಅದರಲ್ಲಿ ಕೇಬಲಿನ ಮಹಿಮೆಯೇನೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೇಬಲ್ ಬಿಚ್ಚಲು ಬರುತ್ತದೆಯೇ ನೋಡಿ. ಹೆಡ್‌ಫೋನಿನಲ್ಲಿ ಬೇಗ ಕೆಡುವುದು ಕೇಬಲೇ. ಎಂ50ಎಕ್ಸ್ ಜೊತೆಗೆ ಮೂರು ಕೇಬಲ್ ಬರುತ್ತವೆ, ಆದರೆ ಬಟ್ಟಲಿಗೆ ಸಿಕ್ಕಿಸುವ ಬಾಯಿ ಅದರದ್ದೇ ಅಳತೆ, ಸಿಕ್ಕಿದ್ದೆಲ್ಲ ಕೂರುವುದಿಲ್ಲ. 7506ರದ್ದು ಬಿಚ್ಚಲಾಗದ ಕೇಬಲ್. ತುಂಡಾದರೆ ಮೌಂಟ್ ರೋಡಿನ ಪಕ್ಕದ ರಿಚ್ಚಿ ಸ್ಟ್ರೀಟಿಗೆ ಹೋಗಿ ಬೆಸುಗೆ ಹಾಕಿಸಬೇಕು. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿಗೆ ಹೆಸರಾದ ಆ ಓಣಿಗಳಲ್ಲಿ ಒಳ್ಳೆಯ ತಾಮ್ರದ ಕೇಬಲ್ಲೂ ಗಟ್ಟಿ ಪಿನ್ನೂ ಸಾಧಾರಣ ಬೆಲೆಗೆ ಸಿಗುತ್ತವೆ.

ಪ್ರಯಾಣಕ್ಕೆ ಬರೋಣ. ಬೃಂದಾವನ, ಲಾಲ್‌ಬಾಗ್, ಶತಾಬ್ದಿ, 2022ರ ನವೆಂಬರಿನಿಂದ ವಂದೇ ಭಾರತ್: ಬೆಂಗಳೂರಿನ ಕಡೆ ಹೋಗಿ ಬರುವ ಚೆನ್ನೈ ಕನ್ನಡಿಗರಿಗೆ ಈ ಗಾಡಿಗಳೇ ಕೇಳುವ ಕೋಣೆ. ಬರೀ ಪ್ಯಾಡಿನ ತಡೆ ಏರುಸ್ವರದ ಸದ್ದುಗಳನ್ನು ಚೆನ್ನಾಗಿ ನಿಲ್ಲಿಸುತ್ತದೆ, ಹಳಿಯ ಗುಡುಗುಡು, ವಿಮಾನದ ಎಂಜಿನ್ನಿನಂಥ ತಗ್ಗು ಸದ್ದುಗಳನ್ನು ನಿಲ್ಲಿಸುವುದು ಕಡಿಮೆ. ಅದಕ್ಕೆ ಬೇಕಾದ್ದು ಸದ್ದಿಗೆ ಎದುರು ಸದ್ದು ಹುಟ್ಟಿಸಿ ಅಳಿಸುವ ನಾಯ್ಸ್ ಕ್ಯಾನ್ಸಲಿಂಗ್. ಬಂಗಾಳದಿಂದ ಹೋದ ಸ್ವಾತಂತ್ರ್ಯ ಹೋರಾಟಗಾರರ ಮಗ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹಾರುವಾಗ, ಎಂಜಿನ್ ಸದ್ದಿನಲ್ಲಿ ಹಾಡು ಕೇಳದೆ ಬೇಸತ್ತು, ವಿಮಾನದಲ್ಲೇ ಕೂತು ಇದರ ಗಣಿತ ಬರೆಯತೊಡಗಿದರು. ಅವರ ಕಂಪನಿಯ ಮೊದಲ ವಿಮಾನ ಹೆಡ್‌ಸೆಟ್ ಬಂದದ್ದು 1989ರಲ್ಲಿ. ಇಂದು ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ5, ಫೋಕಲ್‌ನ ಬಾತಿಸ್‌ನಂಥವು ಈ ಕೆಲಸವನ್ನು ಸೊಗಸಾಗಿ ಮಾಡುತ್ತವೆ. ಬಾತಿಸ್ ಅನ್ನು ಯುಎಸ್‌ಬಿ ಕೇಬಲಿನಿಂದಲೂ ಕೇಳಬಹುದು. ಬೋಗಿಯಲ್ಲಿ ಕಾಫಿ ಮಾರುವವರ ಕೂಗು ಆಗಲೂ ಅಷ್ಟಿಷ್ಟು ಕೇಳುತ್ತದೆ, ಮಾತಿನ ಸದ್ದನ್ನು ಈ ತಂತ್ರ ಪೂರ್ತಿ ಅಳಿಸುವುದಿಲ್ಲ.

ಸದ್ದು ತಡೆಯುವುದರಲ್ಲಿ ಆರೋಗ್ಯದ ಲಾಭವೂ ಇದೆ. ಗದ್ದಲದಲ್ಲಿ ಹಾಡನ್ನು ಗದ್ದಲಕ್ಕಿಂತ ಮೇಲೇರಿಸಿಯೇ ಕೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಮಟ್ಟದಲ್ಲಿ. ಹೊರಗಿನ ಸದ್ದು ಕಡಿಮೆಯಾದರೆ ಆ ಮಿತಿಯೊಳಗೆ ಇರುವುದು ಸುಲಭ. ಆದರೆ ರಸ್ತೆ ದಾಟುವಾಗ, ಹಳಿಯ ಬಳಿ ನಡೆಯುವಾಗ ಹೆಡ್‌ಫೋನ್ ಕುತ್ತಿಗೆಯಲ್ಲಿರಲಿ.

ದುಬಾರಿ ಕ್ಲೋಸ್ಡ್ ಬ್ಯಾಕನ್ನು ಪ್ರಯಾಣಕ್ಕೂ ಒಯ್ಯಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಬೇಡ ಎಂದೇ. ಸ್ಟೆಲ್ತ್‌ನಂಥವು ಮಡಚಿ ಸಣ್ಣದಾಗುತ್ತವೆ, ನಿಜ, ಆದರೂ ಗಾಡಿಯ ಗುಡುಗುಡಿನಲ್ಲಿ ಅವುಗಳ ಸೂಕ್ಷ್ಮವೆಲ್ಲ ಮುಳುಗಿಹೋಗುತ್ತದೆ. ಮನೆಗೆ ಹಗುರಾದ, ಕನ್ನಡಕದ ಮೇಲೂ ಬಿಗಿಯಾಗಿ ಕೂರುವ ಒಂದು ತಂತಿಯದು, ಗಾಡಿಗೆ ಸಾಧಾರಣ ಬೆಲೆಯ ನಾಯ್ಸ್ ಕ್ಯಾನ್ಸಲಿಂಗ್‌ನದು ಇನ್ನೊಂದು. ಅಂಗಡಿಗೆ ಹೋಗುವಾಗ ದಿನವೂ ಹಾಕುವ ಕನ್ನಡಕ, ಓಲೆ ಹಾಕಿಕೊಂಡೇ ಹೋಗಿ, ನಿಮಗೆ ಬಾಯಿಪಾಠವಾದ ಹಾಡನ್ನೇ ಹಾಕಿಸಿ, ಕಡೇಪಕ್ಷ ಅರ್ಧ ಗಂಟೆ ತಲೆಯ ಮೇಲಿಟ್ಟುಕೊಂಡು ನೋಡಿ. ಈ ಊರಿನ ಸೆಖೆ, ಬೆವರಿಗೆ ಕೃತಕ ಚರ್ಮದ ಪ್ಯಾಡುಗಳು ಕೆಲವು ವರ್ಷಗಳಲ್ಲಿ ಸಿಪ್ಪೆಯೇಳುತ್ತವೆ. ಕೇಳಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿಡಿ. ಕೇಬಲಿಗೆಂದು ಎತ್ತಿಟ್ಟ ಹಣವಿದ್ದರೆ ಅದರಲ್ಲಿ ಅದೇ ಮಾದರಿಯ ಪ್ಯಾಡು ಒಂದು ಜೊತೆ ಹೆಚ್ಚಿಗೆ ಕೊಂಡಿಡಿ. ಮಾದರಿ ಹಳತಾದ ಮೇಲೆ ಅವು ಸಿಗುವುದು ಕಷ್ಟ.