ಗೇಣಗಲದ ಕತ್ತಲೆ

ಒಂದೇ ಇಕ್ಕಟ್ಟಾದ ಸ್ಥಳದಲ್ಲಿ ಸಿಕ್ಕಿಕೊಂಡ ಜೀವವು ಉಳಿಯುವದಕ್ಕಾಗಿ ಹೋರಾಡುವ ಕಥೆಯುಳ್ಳ ಚಿತ್ರಪಟಗಳನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿರಬಹುದು. ಅವುಗಳಲ್ಲಿ ವಿಶಾಲವಾದ ದೃಶ್ಯಗಳಿರುವದಿಲ್ಲ. ಹಾಡು ಕುಣಿತಗಳಿಗೂ ಎಡೆಯಿರುವದಿಲ್ಲ. ಆದರೂ ನೋಡುವವರು ಉಸಿರು ಬಿಗಿಹಿಡಿದು ಕುಳಿತಿರುತ್ತಾರೆ. 1990ರಲ್ಲಿ ಭರತನ್ ಅವರು ನಿರ್ದೇಶಿಸಿದ ‘ಮಾಲೂಟ್ಟಿ’ ಎಂಬ ಮಲೆಯಾಳ ಚಿತ್ರದಲ್ಲಿ ಪುಟ್ಟ ಬಾಲಿಕೆಯೊಬ್ಬಳು ಕೊಳವೆ ಬಾವಿಯಲ್ಲಿ ಬೀಳುತ್ತಾಳೆ. 2017ರ ‘ಅರಂ’ ಎಂಬ ತಮಿಳು ಚಿತ್ರದ ವಸ್ತುವೂ ಇದೇ. ಚಿತ್ರಪಟವು ಮುಗಿದೊಡನೆ ದೀಪಗಳು ಹತ್ತುತ್ತವೆ; ನಾವು ಎದ್ದು ಮನೆಗೆ ಬರುತ್ತೇವೆ. ಆದರೆ ಅದೇ ಕತ್ತಲೆಯು ನಮ್ಮ ಸೀಮೆಯ ಹೊಲಗಳಲ್ಲಿಯೂ ಬಾಯಿ ತೆರೆದುಕೊಂಡು ಇರುವದುಂಟು. ಆ ವಿಷಯವನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಸಾಂಗಲಿ ಮಿರಜಗಳ ಜನರು ನೀರೆಂದರೆ ಕೃಷ್ಣೆಯ ನೆರೆಯನ್ನು ನೆನೆಯುತ್ತಾರೆ. 2005 ಮತ್ತು 2019ರ ಮಹಾಪೂರಗಳನ್ನು ಯಾರೂ ಮರೆತಿಲ್ಲ. ಆದರೆ ಇದೇ ಜಿಲ್ಲೆಯ ಮೂಡಲಿಗೆ, ಕನ್ನಡದ ನುಡಿ ಕೇಳಿಬರುವ ಜತ್ತದ ಕಡೆಗೆ ಹೋದರೆ ಮಳೆಯೇ ಅಪರೂಪ. ಅಲ್ಲಿಯ ಒಕ್ಕಲಿಗನು ದ್ರಾಕ್ಷಿಯನ್ನೂ ದಾಳಿಂಬೆಯನ್ನೂ ಉಳಿಸಿಕೊಳ್ಳಲು ಬೋರು ಹಾಕಿಸುತ್ತಾನೆ. ನಮ್ಮ ನೆಲದ ಅಡಿಯಲ್ಲಿರುವದು ಗಟ್ಟಿಯಾದ ಕರಿಕಲ್ಲು. ಅದರ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆದುದರಿಂದ ಒಬ್ಬನ ಹೊಲದಲ್ಲಿ ನೀರು ಚಿಮ್ಮಿದರೆ, ಬದುವಿನಾಚೆಯ ಹೊಲದಲ್ಲಿ ಬರಿಯ ಧೂಳು ಏಳುತ್ತದೆ. ನೀರು ಬೀಳದಿದ್ದರೆ, ಸಾಲ ಮಾಡಿ ಕೊರೆಯಿಸಿದವನು ಮೇಲ್ಭಾಗದ ಕೇಸಿಂಗ್ ಪೈಪನ್ನಾದರೂ ಉಳಿಸಿಕೊಳ್ಳೋಣವೆಂದು ಎಳೆದು ತೆಗೆಯುತ್ತಾನೆ. ಉಳಿಯುವದು ಗೇಣಗಲದ ತೂತು. ಅದರ ಮೇಲೊಂದು ಗೋಣಿಚೀಲ. ಹೆಚ್ಚೆಂದರೆ ಒಂದು ಕಲ್ಲು. ಒಂದು ಮಳೆಯಾದರೆ ಸುತ್ತಲೂ ಹುಲ್ಲು ಬೆಳೆದು ಗುರುತೇ ಸಿಗದಂತಾಗುತ್ತದೆ.

ಇದರ ಫಲವೇನೆಂಬದಕ್ಕೆ ದೂರ ಹೋಗಬೇಕಾಗಿಲ್ಲ. ಮಿರಜಕ್ಕೆ ನೆರೆಯದಾದ ಅಥಣಿ ತಾಲೂಕಿನ ಝುಂಜರವಾಡದಲ್ಲಿ 2017ರ ಏಪ್ರಿಲ್ 22ರಂದು ಆರು ವರ್ಷದ ಬಾಲಿಕೆಯು ತೆರೆದ ಕೊಳವೆ ಬಾವಿಗೆ ಬಿದ್ದಳು. ಎರಡು ದಿನಗಳಿಗೂ ಮೀರಿ ಹಗಲಿರುಳು ಅಗೆದರೂ ಅವಳು ಜೀವಂತವಾಗಿ ದೊರೆಯಲಿಲ್ಲ. 2024ರ ಏಪ್ರಿಲ್ 3ರ ಸಂಜೆ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಲಚ್ಯಾಣದಲ್ಲಿ, ಹೊಲದಲ್ಲಿ ಹೊಸದಾಗಿ ಕೊರೆದ ಬಾವಿಯೊಳಗೆ ಸುಮಾರು ಎರಡು ವರ್ಷದ ಕೂಸು ತಲೆಕೆಳಗಾಗಿ ಜಾರಿತು. ಸುಮಾರು 16 ಅಡಿಗಳ ಆಳದಲ್ಲಿ ಅದು ಸಿಕ್ಕಿಕೊಂಡಿತ್ತು. ಒಳಗೆ ಇಳಿಸಿದ ಕ್ಯಾಮೆರಾದಲ್ಲಿ ಕಾಲು ಅಲುಗಾಡಿದ್ದು ಕಂಡಾಗ ನೆರೆದವರಿಗೆ ಆಸೆ ಮೂಡಿತು. ಕಲ್ಲು ಅಡ್ಡ ಬಂದರೂ ರಕ್ಷಣಾಪಡೆಯವರು ಕೈ ಬಿಡಲಿಲ್ಲ. ಸುಮಾರು 20 ಗಂಟೆಗಳ ತರುವಾಯ, ಮರುದಿನ ಮಧ್ಯಾಹ್ನ ಆ ಕೂಸು ಜೀವಂತವಾಗಿ ಹೊರಬಂದಿತು.

ಹಗ್ಗ ಬಿಟ್ಟು ಒಮ್ಮೆಲೇ ಎಳೆದುಬಿಡಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕೊಳವೆಯಲ್ಲಿ ಮಗುವಿನ ಕೈಗಳು ಮೈಗೆ ಒತ್ತಿಕೊಂಡಿರುತ್ತವೆ. ಹಗ್ಗವನ್ನು ಹಿಡಿಯಲು ಬರುವದಿಲ್ಲ. ಎಳೆದರೆ ಪೆಟ್ಟಾಗುವ, ಮೇಲಿನ ಮಣ್ಣು ಕುಸಿಯುವ ಭಯವೂ ಇರುತ್ತದೆ. ಆದುದರಿಂದ ಸ್ವಲ್ಪ ದೂರದಲ್ಲಿ ಯಂತ್ರಗಳಿಂದ ಇನ್ನೊಂದು ಕುಣಿಯನ್ನು ತೋಡಿ, ಮಗುವಿರುವ ಮಟ್ಟಕ್ಕಿಂತ ಕೆಳಗೆ ಹೋಗಿ, ಅಲ್ಲಿಂದ ಅಡ್ಡಲಾಗಿ ಸುರಂಗ ಕೊರೆಯುತ್ತಾರೆ. ಯಂತ್ರದ ನಡುಕದಿಂದ ಮಗು ಇನ್ನೂ ಕೆಳಗೆ ಜಾರಬಹುದಾದ್ದರಿಂದ ಕೊನೆಯ ಕೆಲವು ಅಡಿಗಳನ್ನು ಕೈಯಿಂದಲೇ ಅಗೆಯಬೇಕಾಗುತ್ತದೆ.

ಇನ್ನು ಗಾಳಿಯ ಲೆಕ್ಕವನ್ನು ನೋಡೋಣ. 20 ಸೆಂಟಿಮೀಟರು ವ್ಯಾಸದ ಕೊಳವೆಯಲ್ಲಿ ಒಂದು ಮೀಟರು ಉದ್ದಕ್ಕೆ ಹಿಡಿಯುವ ಗಾಳಿ ಸುಮಾರು 31 ಲೀಟರು ಮಾತ್ರ. ಎರಡು ವರ್ಷದ ಮಗುವು ನಿಮಿಷಕ್ಕೆ ಎರಡು ಮೂರು ಲೀಟರು ಗಾಳಿಯನ್ನು ಉಸಿರಾಡುತ್ತದೆ. ಎಂದರೆ ಹತ್ತು ಹದಿನೈದು ನಿಮಿಷಗಳಲ್ಲಿ ಅಷ್ಟೂ ಗಾಳಿಯು ಒಮ್ಮೆ ಅದರ ಎದೆಯೊಳಗೆ ಹೋಗಿಬರುತ್ತದೆ. ಬಿಟ್ಟ ಉಸಿರಿನಲ್ಲಿ ಆಮ್ಲಜನಕವು ಕಡಿಮೆಯಾಗಿ ಇಂಗಾಲದ ಡೈಆಕ್ಸೈಡು ಹೆಚ್ಚಾಗಿರುತ್ತದೆ. ಮೇಲಿನ ಶುದ್ಧವಾಯುವು ತಾನಾಗಿ ಕೆಳಗಿಳಿಯುವದು ಬಲು ನಿಧಾನ. ಆದುದರಿಂದಲೇ ಅಗೆಯುವದಕ್ಕಿಂತ ಮೊದಲು ಸಣ್ಣ ನಳಿಗೆಯಿಂದ ಆಮ್ಲಜನಕವನ್ನು ಒಳಗೆ ಬಿಡುತ್ತಾರೆ. ಶಾಲೆಯಲ್ಲಿ ಕಲಿತ ಸಿಲಿಂಡರಿನ ಘನಫಲವು ಇಲ್ಲಿ ಒಂದು ಜೀವದ ಲೆಕ್ಕವಾಗುತ್ತದೆ.

ರಕ್ಷಣೆಯು ಕಠಿಣ, ತಡೆಯುವದು ಸುಲಭ. ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ಎಲ್ಲ ರಾಜ್ಯಗಳಿಗೆ ಈ ಬಗೆಗೆ ನಿರ್ದೇಶನಗಳನ್ನು ಕೊಟ್ಟಿದೆ. ಬೋರು ಹಾಕಿಸುವವನು 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು. ಕೆಲಸ ನಡೆದಿರುವಾಗ ಸುತ್ತಲೂ ತಂತಿಬೇಲಿಯನ್ನೂ ಸೂಚನಾಫಲಕವನ್ನೂ ಹಾಕಬೇಕು. ಪೈಪಿನ ಸುತ್ತಲೂ ನೆಲದ ಮೇಲೆ 30 ಮತ್ತು ಒಳಗೆ 30 ಸೆಂಟಿಮೀಟರಿನ ಸಿಮೆಂಟು ಕಟ್ಟೆಯಿರಬೇಕು. ಬಾಯಿಗೆ ಉಕ್ಕಿನ ತಗಡನ್ನು ಬೆಸೆಯಬೇಕು, ಇಲ್ಲವೆ ಭದ್ರವಾದ ಮುಚ್ಚಳವನ್ನು ಬೋಲ್ಟಿನಿಂದ ಬಿಗಿಯಬೇಕು. ನೀರಿಲ್ಲದೆ ಬಿಟ್ಟ ಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಕೊರೆಯುವಾಗ ಹೊರಬಂದ ಪುಡಿಯು ಅಲ್ಲಿಯೇ ರಾಶಿಯಾಗಿ ಬಿದ್ದಿರುತ್ತದೆ, ಅದನ್ನೂ ತುಂಬಬಹುದು.

ನೀರು ಬೀಳದ ದಿನ ಮನೆಯ ಯಜಮಾನನ ದುಃಖವು ಎಂಥದೆಂಬದನ್ನು ನಾವು ಬಲ್ಲೆವು. ದುಡ್ಡು ಹೋಯಿತು, ಆಸೆಯೂ ಹೋಯಿತು. ಆ ತೂತಿನ ಕಡೆಗೆ ಮತ್ತೆ ನೋಡಲು ಮನಸ್ಸಾಗುವದಿಲ್ಲ. ಆದರೂ ಪಾಲಕರಲ್ಲಿ ನಮ್ಮ ವಿನಂತಿಯಿಷ್ಟೆ: ಕೊರೆಯುವ ಗಾಡಿಯು ಹೊಲದಿಂದ ಹೊರಡುವ ಮೊದಲೇ ಬಾವಿಯ ಬಾಯಿ ಮುಚ್ಚಿರಲಿ. ನಾಳೆ ನೋಡೋಣವೆನ್ನಬಾರದು. ಲಚ್ಯಾಣದ ಬಾವಿಯೂ ಹೊಸದಾಗಿತ್ತೆಂಬದನ್ನು ನೆನೆಯಬೇಕು.

ವಿದ್ಯಾರ್ಥಿಗಳೇ, ಶಾಲೆಯ ಹಾದಿಯಲ್ಲಿ ತೆರೆದ ಬೋರು ಕಂಡರೆ ಹತ್ತಿರ ಹೋಗಿ ಇಣುಕಬೇಡಿರಿ, ಕಲ್ಲು ಹಾಕಿ ಆಳವನ್ನು ಅಳೆಯಬೇಡಿರಿ. ಮನೆಯ ಹಿರಿಯರಿಗೂ ಶಿಕ್ಷಕರಿಗೂ ಅದೇ ದಿನ ತಿಳಿಸಿರಿ. ಯಾರಾದರೂ ಬಿದ್ದುದನ್ನು ಕಂಡರೆ ಕೂಡಲೆ 112ಕ್ಕೆ ಕರೆ ಮಾಡಿಸಿರಿ. ಬಾವಿಯ ಸುತ್ತ ಗುಂಪು ಕೂಡಿ ಮಣ್ಣು ಕುಸಿಯುವಂತೆ ಮಾಡಬೇಡಿರಿ. ಚಿತ್ರಪಟದಲ್ಲಿ ಮಗುವನ್ನು ಉಳಿಸಲು ದೊಡ್ಡ ಪಡೆಯೇ ಬರುತ್ತದೆ. ನಿಜವಾದ ಹೊಲದಲ್ಲಿ ಸಕಾಲಕ್ಕೆ ನೀವು ಆಡಿದ ಒಂದು ಮಾತೇ ಒಂದು ಕೂಸನ್ನು ಉಳಿಸೀತು.